ಒದೆಯುವ ಪಿಸ್ತೂಲೂ ನೋಯುವ ಅಂಗೈಯೂ

ಸಂಜೆ ಆರರ ಮೇಲೆ ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ಸದಸ್ಯರಲ್ಲಿ ಒಬ್ಬರು ಸಾರಿಗೆ ಕಂಪನಿಯೊಂದರ ಗುಮಾಸ್ತರು. ಅವರ ಮಗಳು ಪೊಲೀಸ್ ಖಾತೆಗೆ ಸೇರಿ ಎರಡು ವರ್ಷವಾಯಿತು. ಈಚೆಗೆ ಒಂದು ದಿನ ತಂದೆಯನ್ನು ಕರೆದೊಯ್ಯಲು ಬಂದ ಆ ಹುಡುಗಿ, ಪತ್ರಿಕೆಯ ಪುಟವನ್ನು ಎಡಗೈಯಿಂದಲೇ ಮಗುಚುತ್ತ ಕುಳಿತಿದ್ದಳು. ಬಲಗೈಯಲ್ಲಿ ಹೆಬ್ಬೆರಳಿನ ಬುಡ ಊದಿ ನೀಲಿಗಟ್ಟಿತ್ತು. ಹಿಂದಿನ ದಿನ ವರ್ಷದ ಗುಂಡು ಹಾರಿಸುವ ಪರೀಕ್ಷೆ ನಡೆದು, ಅದರಲ್ಲಿ ಅವಳು ತೇರ್ಗಡೆಯಾಗಿರಲಿಲ್ಲ. ಕಲಿಸುವವರು, ಇದು ಅಡುಗೆಮನೆಯ ಕೈ, ಪಿಸ್ತೂಲಿಗೆ ಆಗಿಬರುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದರಂತೆ. ಇನ್ನೊಂದು ಸಲ ತಪ್ಪಿದರೆ ಠಾಣೆಯೊಳಗಿನ ಬರವಣಿಗೆಯ ಕೆಲಸಕ್ಕೇ ಅರ್ಜಿ ಕೊಡುವುದೆಂದು ಅವಳು ನಿಶ್ಚಯಿಸಿಕೊಂಡಿದ್ದಳು.

ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಕೆಳಗಿಟ್ಟರು. ಇವರು ಧಾರವಾಡದ ಕಡೆಯವರು. ಸೈನ್ಯದಲ್ಲಿ ಬಂದೂಕು ಪಿಸ್ತೂಲುಗಳನ್ನು ದುರಸ್ತಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ.

"ಅಂಗೈ ತೋರ್ಸವ್ವಾ. ನೋವು ಎಲ್ಲೈತಿ? ಬೆರಳಿನ ಕವಲಿನ್ಯಾಗೋ, ಹೆಬ್ಬೆಟ್ಟಿನ ಬುಡದಾಗೋ?"

"ಬುಡದಾಗ ಕಾಕಾ. ಕವಲಿನ್ಯಾಗ ಏನೂ ಇಲ್ಲ."

"ಹಂಗಾದ್ರ ತಪ್ಪು ನಿನ್ನ ಕೈದಲ್ಲ. ಹಿಡಿ ದಪ್ಪ ಆಗೇತಿ."

ನೋವಿನ ಜಾಗವೊಂದನ್ನು ಕೇಳಿ ಇಷ್ಟನ್ನು ಹೇಳಿದ್ದು ನಮಗೆ ನಾಡಿ ನೋಡಿ ರೋಗ ಹೇಳಿದಂತೆ ಕಂಡಿತು. ಆದರೆ ಇದರಲ್ಲಿ ಪವಾಡವೇನೂ ಇಲ್ಲ, ಲೆಕ್ಕವಿದೆ. ಅವರು ಅಂದು ಹೇಳಿದ್ದನ್ನೂ ಆಮೇಲೆ ನಾವು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ. ನಮ್ಮ ಸದಸ್ಯರಲ್ಲಿ ಪೊಲೀಸರುಂಟು, ಬ್ಯಾಂಕಿನ ಕಾವಲುಗಾರರುಂಟು, ರೈಫಲ್ ಕ್ಲಬ್ಬಿಗೆ ಹೋಗುವ ತರುಣರುಂಟು. ಕೋವಿಯನ್ನು ಎಂದೂ ಮುಟ್ಟದವರೂ, ಸುತ್ತಿಗೆ ಅಥವಾ ಡ್ರಿಲ್ಲು ಹಿಡಿದು ದುಡಿಯುವವರಾದರೆ, ಇದನ್ನು ಓದಬಹುದು.

ಮೊದಲು ಒದೆತದ ಮಾತು. ಗುಂಡು ಮುಂದಕ್ಕೆ ಎಷ್ಟು ರಭಸದಿಂದ ಹೋಗುತ್ತದೆಯೋ ಅದಕ್ಕೆ ಸಮನಾಗಿ ಪಿಸ್ತೂಲು ಹಿಂದಕ್ಕೆ ಬರಬೇಕು. ಇದು ನ್ಯೂಟನ್ ಹೇಳಿದ ನಿಯಮ. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ರಭಸವೆಂದರೆ ತೂಕವನ್ನು ವೇಗದಿಂದ ಗುಣಿಸಿದ್ದು. ಸಾಮಾನ್ಯವಾದ 9 ಮಿಲಿಮೀಟರ್ ಪಿಸ್ತೂಲಿನ ಗುಂಡು ಸುಮಾರು 7.5 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಡುತ್ತದೆ. ಪಿಸ್ತೂಲಿನ ತೂಕ 900 ಗ್ರಾಂ ಎಂದಿಟ್ಟುಕೊಳ್ಳಿ. ಗುಣಿಸಿ ಭಾಗಿಸಿದರೆ ಪಿಸ್ತೂಲು ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಗುಂಡಿನ ಹಿಂದೆ ನುಗ್ಗುವ ಮದ್ದಿನ ಅನಿಲದ ಲೆಕ್ಕವನ್ನೂ ಸೇರಿಸಿದರೆ ಇನ್ನು ಸ್ವಲ್ಪ ಹೆಚ್ಚು.

ಇದು ಎಷ್ಟು ಪೆಟ್ಟು? ಕಿರಾಣಿ ಅಂಗಡಿಯ ಒಂದು ಕಿಲೋ ತೂಕದ ಕಲ್ಲನ್ನು ಒಂದೂವರೆ ಅಡಿ ಎತ್ತರದಿಂದ ಅಂಗೈಗೆ ಬಿಟ್ಟರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಒಂದು ಸಲವಾದರೆ ಯಾರೂ ಅಳುವುದಿಲ್ಲ. ಐವತ್ತು ಸಲ ಒಂದೇ ಜಾಗಕ್ಕೆ ಬಿದ್ದರೆ ಮಾತು ಬೇರೆ. ಇದೇ ಲೆಕ್ಕವನ್ನು ಗುರಿ ಕಲಿಯುವವರು ಬಳಸುವ .22 ಪಿಸ್ತೂಲಿಗೆ ಹಾಕಿದರೆ, ಅದೇ ಕಲ್ಲನ್ನು ಎರಡು ಬೆರಳಗಲ ಎತ್ತರದಿಂದ ಬಿಟ್ಟಷ್ಟಾಗುತ್ತದೆ. ಕಲಿಯುವವರಿಗೆ ಮೊದಲು .22 ಕೊಡಬೇಕೆಂದು ಹೇಳುವುದು ಇದಕ್ಕಾಗಿ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಬೇಕು. ಪಿಸ್ತೂಲು ಹಗುರವಾದಷ್ಟೂ ಕೈಗೆ ಸುಖ ಎಂದು ಬಹಳ ಜನ ಎಣಿಸುತ್ತಾರೆ. ಹೊರುವುದಕ್ಕೆ ಸುಖ, ನಿಜ. ಹಾರಿಸುವುದಕ್ಕೆ ಅಲ್ಲ. ಅದೇ ತೋಟಾ ಹಾಕಿ ಪಿಸ್ತೂಲಿನ ತೂಕವನ್ನು ಅರ್ಧಕ್ಕಿಳಿಸಿದರೆ ಅದು ಹಿಂದೆ ಬರುವ ವೇಗ ಇಮ್ಮಡಿಯಾಗುತ್ತದೆ, ಕೈಗೆ ಇಳಿಯುವ ಶಕ್ತಿಯೂ ಇಮ್ಮಡಿಯಾಗುತ್ತದೆ. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಯಿಂದ ‘ನಿರ್ಭೀಕ್’ ಎಂಬ .32 ರಿವಾಲ್ವರ್ ಹೊರಬಂದಿತು. ಮಹಿಳೆಯರ ಕೈಚೀಲದಲ್ಲಿ ಹಿಡಿಸಲಿ ಎಂದು ಅದರ ತೂಕವನ್ನು ಸುಮಾರು ಅರ್ಧ ಕಿಲೋಗೆ ಇಳಿಸಲಾಗಿತ್ತು. ಚೀಲಕ್ಕೆ ಅನುಕೂಲ. ಆದರೆ ಉಳಿದ ತೂಕವನ್ನೆಲ್ಲ ಕೈಯೇ ಒದೆತದ ರೂಪದಲ್ಲಿ ತೆರಬೇಕು. ಹೆಣ್ಣುಮಕ್ಕಳಿಗೆ ಹಗುರವಾದುದೇ ಸರಿ ಎಂಬ ಸಲಹೆಯನ್ನು ಅಂಗಡಿಯವರು ಕೊಟ್ಟಾಗ ಈ ಲೆಕ್ಕ ನೆನಪಿರಲಿ.

ಒದೆತದ ಒಟ್ಟು ಪ್ರಮಾಣವನ್ನು ಹಿಡಿಕೆ ಕಡಿಮೆ ಮಾಡಲಾರದು. ಹಾಗಾದರೆ ಹಿಡಿಕೆ ಮಾಡುವುದೇನು? ಆ ಒದೆತ ಎಲ್ಲಿ ಬೀಳಬೇಕು, ಎಷ್ಟು ಅಗಲದ ಮೇಲೆ ಬೀಳಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ.

ನಮ್ಮ ಚಾಳುಗಳಲ್ಲಿ ಕೆಳಗಿನ ನಲ್ಲಿಯಿಂದ ಮೂರನೆಯ ಮಾಳಿಗೆಗೆ ನೀರು ಹೊತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂತಿಯ ಹಿಡಿಯ ಬಕೆಟ್ಟು ಮೊದಲ ಮಾಳಿಗೆಗೇ ಬೆರಳನ್ನು ಕತ್ತರಿಸುತ್ತದೆ. ಅದೇ ತಂತಿಗೆ ಮರದ ಉರುಳೆಯೊಂದನ್ನು ತೊಡಿಸಿದರೆ ಅದೇ ನೀರು ಸಲೀಸಾಗಿ ಮೇಲೆ ಬರುತ್ತದೆ. ನೀರು ಕಡಿಮೆಯಾಗಲಿಲ್ಲ, ಭಾರ ಹರಡಿತು. ಪಿಸ್ತೂಲಿನ ಹಿಡಿಯ ಹಿಂಬದಿ ಒಂದೂವರೆ ಸೆಂಟಿಮೀಟರ್ ಅಗಲವಿದ್ದರೆ ಬೀಳುವ ಒತ್ತಡಕ್ಕಿಂತ, ಮೂರು ಸೆಂಟಿಮೀಟರ್ ಅಗಲವಿದ್ದರೆ ಬೀಳುವ ಒತ್ತಡ ಅರ್ಧ.

ಇಷ್ಟು ಕೇಳಿದ ಕೂಡಲೆ, ಹಾಗಾದರೆ ಹಿಡಿಯನ್ನು ದಪ್ಪ ಮಾಡಿಬಿಟ್ಟರೆ ಆಯಿತಲ್ಲ ಎಂದು ನಾವೂ ಅಂದೆವು. ಕಾಕಾ ನಕ್ಕರು. ತೊಡಕು ಇರುವುದೇ ಇಲ್ಲಿ.

ಕೈ ಪಿಸ್ತೂಲನ್ನು ಹಿಡಿದುಕೊಳ್ಳಬೇಕಾದ ರೀತಿ ಹೀಗೆ: ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲು ಹಿಡಿಯ ಹಿಂಬದಿಗೆ ನಟ್ಟನಡುವೆ ಕೂರಬೇಕು. ನಳಿಗೆ, ಮಣಿಕಟ್ಟು, ಮುಂಗೈ ಇವು ಮೇಲಿನಿಂದ ನೋಡಿದರೆ ಒಂದೇ ಗೆರೆಯಲ್ಲಿರಬೇಕು. ಆಗ ಒದೆತ ನೇರವಾಗಿ ಮುಂಗೈಯ ಎಲುಬಿನುದ್ದಕ್ಕೂ ಹಾದು ಮೊಳಕೈಗೆ, ತೋಳಿಗೆ ಹೋಗಿ ಕರಗುತ್ತದೆ. ತೋಳಿನ ಸ್ನಾಯು ದೊಡ್ಡದು, ತಾಳುತ್ತದೆ. ಹಿಡಿ ಕೈಗಿಂತ ದಪ್ಪವಾಗಿದ್ದರೆ ತೋರುಬೆರಳು ಟ್ರಿಗರಿಗೆ ಎಟುಕುವುದಿಲ್ಲ. ಎಟುಕಿಸಿಕೊಳ್ಳಲು ಆ ಮನುಷ್ಯ ತನಗೆ ಅರಿವಿಲ್ಲದೆಯೇ ಕೈಯನ್ನು ಹಿಡಿಯ ಸುತ್ತ ಸ್ವಲ್ಪ ತಿರುಗಿಸುತ್ತಾನೆ. ಆಗ ಹಿಂಬದಿಗೆ ಬಂದು ಕೂರುವುದು ಕವಲಲ್ಲ, ಹೆಬ್ಬೆರಳಿನ ಬುಡದ ಕೀಲು. ಗೆರೆ ಮುರಿಯಿತು. ತೋಳಿಗೆ ಹೋಗಬೇಕಾದ ಒದೆತವನ್ನು ಆ ಚಿಕ್ಕ ಕೀಲು ಒಂದೇ ತಡೆದುಕೊಳ್ಳಬೇಕು. ಹುಡುಗಿಯ ಕೈಯಲ್ಲಿ ನೀಲಿಗಟ್ಟಿದ್ದ ಜಾಗ ಅದೇ. ಗುಂಡು ಪಕ್ಕಕ್ಕೆ ಹೋದದ್ದೂ ಸಹಜವೇ. ಓರೆಯಾಗಿ ಎಟುಕುವ ಬೆರಳು ಟ್ರಿಗರನ್ನು ನೇರ ಹಿಂದಕ್ಕೆ ಎಳೆಯದೆ ಪಕ್ಕಕ್ಕೆ ನೂಕುತ್ತದೆ.

ಹಿಡಿ ತೀರ ಸಣ್ಣದಾದರೂ ಕಷ್ಟ, ಆದರೆ ಬೇರೆ ಬಗೆಯದು. ಬೆರಳುಗಳು ಸುತ್ತಿ ಬಂದು ಉಗುರು ಅಂಗೈಗೇ ಚುಚ್ಚುತ್ತವೆ, ಮುಷ್ಟಿ ಬಿಗಿಯಾಗುವುದಿಲ್ಲ. ಸಡಿಲವಾದ ಮುಷ್ಟಿಯಲ್ಲಿ ಪಿಸ್ತೂಲು ಹಿಂದಕ್ಕೆ ಓಡಿ ಬಂದು ಅಂಗೈಗೆ ಬಡಿಯುತ್ತದೆ. ಕೈಗೆ ಅಂಟಿಕೊಂಡಿರುವುದು ತಳ್ಳುತ್ತದೆ, ಬಿಟ್ಟುಕೊಂಡಿರುವುದು ಹೊಡೆಯುತ್ತದೆ. ಬಡಗಿಯನ್ನು ಕೇಳಿ, ಕಾವು ಸಣ್ಣಗಾದ ಸುತ್ತಿಗೆಯಿಂದ ಒಂದು ದಿನ ಕೆಲಸ ಮಾಡಿದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ ಎಂದೇ ಹೇಳುತ್ತಾನೆ. ಉಪಕರಣಗಳ ಕಾವು ಸಾಮಾನ್ಯವಾಗಿ 30ರಿಂದ 45 ಮಿಲಿಮೀಟರ್ ದಪ್ಪವಿರುವುದು ಒಳ್ಳೆಯದೆಂದು ಕೆಲಸಗಾರರ ಕೈಗಳನ್ನು ಅಳೆದು ನೋಡಿದವರು ಹೇಳುತ್ತಾರೆ. ಪಿಸ್ತೂಲಿನ ಹಿಡಿ ದುಂಡಗಿಲ್ಲ, ಅದಕ್ಕೆ ಆ ಅಂಕಿಯನ್ನು ನೇರವಾಗಿ ಹಚ್ಚಲಾಗದು. ಆದರೂ ತತ್ತ್ವ ಒಂದೇ.

ಮತ್ತೊಂದು ವಿಷಯ ಎತ್ತರದ್ದು. ನಳಿಗೆ ಯಾವಾಗಲೂ ಕೈಗಿಂತ ಮೇಲಿರುವುದರಿಂದ ಒದೆತ ಹಿಂದಕ್ಕೆ ಬರುವುದಷ್ಟೇ ಅಲ್ಲ, ಮೂತಿಯನ್ನು ಮೇಲಕ್ಕೂ ಎತ್ತುತ್ತದೆ. ಕೈ ಕೆಳಗೆ ಜಾರಿದಷ್ಟೂ ಆ ಸನ್ನೆ ಉದ್ದವಾಗಿ ಮಣಿಕಟ್ಟು ಮುರಿಯುವಂತೆ ಬಾಗುತ್ತದೆ. ಆದುದರಿಂದ ಕೈ ಮೇಲೆ ಕೂತಷ್ಟೂ ಒಳ್ಳೆಯದು. ಆದರೆ ಹಿಂದೆ ಸರಿದುಬರುವ ಯಾವ ಭಾಗವೂ ಕವಲನ್ನು ಕಚ್ಚಬಾರದು.

ಕೈಗೆ ಒಗ್ಗದ ಪಿಸ್ತೂಲನ್ನು ದೂರುವುದು ಈಗಿನವರ ನಾಜೂಕು ಎಂದು ಯಾರಾದರೂ ಹೇಳಿದರೆ ಅವರಿಗೆ ಅಮೆರಿಕದ ಸೈನ್ಯದ ಕಥೆಯನ್ನು ಹೇಳಬೇಕು. 1911ರಲ್ಲಿ ಅಲ್ಲಿನ ಸೈನ್ಯ ಜಾನ್ ಬ್ರೌನಿಂಗ್ ರಚಿಸಿದ .45 ಪಿಸ್ತೂಲನ್ನು ಆರಿಸಿಕೊಂಡಿತು. ಗಟ್ಟಿಮುಟ್ಟಾದ ಆಯುಧ, ತೂಕ ಒಂದು ಕಿಲೋಗೂ ಮೇಲೆ, ಗುಂಡೇ ಸುಮಾರು 15 ಗ್ರಾಂ. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಸೈನಿಕರ ಕೈಗೆ ಅದು ಹೋಯಿತು. ಆಗ ಗೊತ್ತಾಯಿತು, ಚಿಕ್ಕ ಕೈಯವರಿಗೆ ಟ್ರಿಗರು ಎಟುಕುವುದಿಲ್ಲ, ಕೆಲವರ ಕವಲನ್ನು ಹಿಂದಿನ ಸುತ್ತಿಗೆ ಕಚ್ಚುತ್ತದೆ, ಮೂತಿ ಕೆಳಗೆ ವಾಲುತ್ತದೆ. ಯುದ್ಧವಾದ ಮೇಲೆ ಅವರು ಸೈನಿಕರ ಕೈಯನ್ನು ಬೈಯಲಿಲ್ಲ, ಪಿಸ್ತೂಲನ್ನು ತಿದ್ದಿದರು. ಟ್ರಿಗರನ್ನು ಗಿಡ್ಡ ಮಾಡಿದರು. ಅದರ ಹಿಂದೆ ಎರಡೂ ಪಕ್ಕದ ಲೋಹವನ್ನು ಸ್ವಲ್ಪ ಕೆತ್ತಿ ಬೆರಳಿಗೆ ದಾರಿ ಬಿಟ್ಟರು. ಹಿಡಿಯ ಹಿಂಬದಿಯ ಕೆಳಭಾಗವನ್ನು ಅಂಗೈಯ ಗುಳಿಗೆ ಸರಿಹೋಗುವಂತೆ ಕಮಾನಾಗಿ ಉಬ್ಬಿಸಿದರು. ಕವಲಿನ ಮೇಲೆ ಚಾಚುವ ತುಟಿಯನ್ನು ಉದ್ದ ಮಾಡಿ ಕಚ್ಚುವುದನ್ನು ತಪ್ಪಿಸಿದರು. 1926ರಲ್ಲಿ ಆ ತಿದ್ದಿದ ಪಿಸ್ತೂಲಿಗೆ ಎಂ1911ಎ1 ಎಂದು ಹೆಸರಾಯಿತು. ಒಳಗಿನ ಯಂತ್ರ, ತೋಟಾ, ನಳಿಗೆ ಯಾವುದೂ ಬದಲಾಗಲಿಲ್ಲ. ಬದಲಾದದ್ದೆಲ್ಲ ಕೈಗೂ ಕಣ್ಣಿಗೂ ತಾಗುವ ಭಾಗ ಮಾತ್ರ. ಎರಡನೆಯ ಮಹಾಯುದ್ಧವನ್ನು ಆ ಸೈನ್ಯ ಅದರಿಂದಲೇ ನಡೆಸಿತು.

ಬ್ರಿಟಿಷರು ಇದೇ ಕಾಲಕ್ಕೆ ಬೇರೆ ದಾರಿ ಹಿಡಿದರು. ತಮ್ಮ ದೊಡ್ಡ .455 ರಿವಾಲ್ವರನ್ನು ಕಡಿಮೆ ತರಬೇತಿಯ ಸೈನಿಕರು ಹತೋಟಿಯಲ್ಲಿಡಲಾರರು ಎಂದು ಕಂಡು, 1932ರಲ್ಲಿ .38 ರಿವಾಲ್ವರಿಗೆ ಇಳಿದರು. ಒದೆತವನ್ನೇ ಕಡಿಮೆ ಮಾಡಿದರೆನ್ನಿ.

ರಿವಾಲ್ವರಿನ ಹಿಡಿಗೆ ತನ್ನದೇ ಆದ ಒಂದು ಉಪದ್ರವ ಉಂಟು. ಟ್ರಿಗರಿನ ಸುತ್ತ ಇರುವ ಕಬ್ಬಿಣದ ಬಳೆಗೂ ಹಿಡಿಗೂ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಹಾರಿಸಿದಾಗ ಆ ಬಳೆ ಹಿಂದಕ್ಕೆ ಬಂದು ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಚಿಕ್ಕ ರಿವಾಲ್ವರುಗಳಲ್ಲಿ ಮರದ ಹಲಗೆ ಪಕ್ಕಕ್ಕೆ ಮಾತ್ರ ಇದ್ದು ಹಿಂಬದಿಯ ಲೋಹ ಬೆತ್ತಲೆಯಾಗಿರುವುದರಿಂದ ಕವಲಿಗೂ ಪೆಟ್ಟು. ಇದಕ್ಕೆ ಪರಿಹಾರ ಹಳೆಯದು: ಆ ಖಾಲಿ ಜಾಗವನ್ನು ತುಂಬುವ ಒಂದು ಚಿಕ್ಕ ತುಂಡು, ಅಥವಾ ಹಿಂಬದಿಯನ್ನೂ ಮುಚ್ಚುವ ರಬ್ಬರಿನ ಹಿಡಿ. ರಬ್ಬರು ಎರಡು ಕೆಲಸ ಮಾಡುತ್ತದೆ. ತಾನು ಒತ್ತಿಕೊಂಡು ಪೆಟ್ಟನ್ನು ತುಸು ಹೆಚ್ಚು ಹೊತ್ತಿಗೆ ಹಂಚುತ್ತದೆ. ಬೆವರಿದ ಕೈ ಜಾರದಂತೆ ಹಿಡಿಯುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ಎರಡನೆಯದೇ ಹೆಚ್ಚಿನ ಉಪಕಾರವಿರಬಹುದು.

ಈಚಿನ ಪಿಸ್ತೂಲುಗಳಲ್ಲಿ ಹಿಡಿಯ ಹಿಂಬದಿಯನ್ನೇ ಬೇರೆ ತುಂಡಾಗಿ ಮಾಡುತ್ತಾರೆ. ಜರ್ಮನಿಯ ವಾಲ್ಥರ್ ಕಂಪನಿ 1990ರ ದಶಕದ ಕೊನೆಗೆ ಹೊರತಂದ ಪಿ99 ಎಂಬುದರಲ್ಲಿ ಹೀಗೆ ಬದಲಾಯಿಸುವ ಹಿಂಬದಿ ಇತ್ತು. ಆಮೇಲೆ ಉಳಿದವರೂ ಆ ಜಾಡು ಹಿಡಿದರು. 2010ರಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಗ್ಲಾಕ್ ಪಿಸ್ತೂಲಿನಲ್ಲೂ ಈ ಅನುಕೂಲವುಂಟು. ಸಣ್ಣದು, ನಡುವಿನದು, ದೊಡ್ಡದು ಎಂದು ಅಳತೆಯ ತುಂಡುಗಳು ಪೆಟ್ಟಿಗೆಯಲ್ಲಿ ಬರುತ್ತವೆ. ಬದಲಾಯಿಸುವುದಕ್ಕೆ ಕೆಲವು ನಿಮಿಷ ಸಾಕು.

ಇನ್ನು ಒಂದು ವಿಚಿತ್ರ. ಎಲ್ಲಕ್ಕಿಂತ ಕಡಿಮೆ ಒದೆಯುವ ಪಿಸ್ತೂಲಿಗೇ ಎಲ್ಲಕ್ಕಿಂತ ಹೆಚ್ಚು ಕಾಳಜಿಯ ಹಿಡಿ ಇರುತ್ತದೆ. ಒಲಿಂಪಿಕ್ ಪಂದ್ಯದ 10 ಮೀಟರ್ ಏರ್ ಪಿಸ್ತೂಲಿಗೆ ಒದೆತ ಇದೆ ಎಂದೇ ಹೇಳಲಾಗದು. ಅದರ ಮರದ ಹಿಡಿಯನ್ನು ಆಟಗಾರರು ತಮ್ಮ ಅಂಗೈಯ ಉಬ್ಬುತಗ್ಗಿಗೆ ತಕ್ಕಂತೆ ಅರದಿಂದ ಉಜ್ಜುತ್ತಾರೆ, ಕಡಿಮೆ ಬಿದ್ದ ಕಡೆ ಮರದ ಲಪ್ಪ ಮೆತ್ತಿ ಒಣಗಿಸಿ ಮತ್ತೆ ಉಜ್ಜುತ್ತಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದದ್ದು ಈ ಪಂದ್ಯದಲ್ಲೇ. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಪದಕ ಪಡೆದದ್ದೂ ಇದರಲ್ಲೇ. ಹಿಡಿ ಮಣಿಕಟ್ಟಿಗೆ ಊರುಗೋಲಾಗಬಾರದು ಎಂಬ ನಿಯಮವೊಂದುಂಟು. ಅದರೊಳಗೆ ಎಷ್ಟು ಬೇಕಾದರೂ ಕೆತ್ತಿಕೊಳ್ಳಬಹುದು. ಆಟಕ್ಕೆ ಇಷ್ಟು ಉಪಚಾರ. ಹೊಟ್ಟೆಪಾಡಿಗೆ ಪಿಸ್ತೂಲು ಹಿಡಿಯುವವನಿಗೆ, ಶಸ್ತ್ರಾಗಾರದ ಕಿಟಕಿಯಿಂದ ಕೊಟ್ಟದ್ದನ್ನು ಹಿಡಿ ಎಂಬ ಮಾತು.

ತಮ್ಮ ಹಿಡಿ ಸರಿಯಿದೆಯೇ ಎಂದು ನೋಡಿಕೊಳ್ಳುವ ಬಗೆಯನ್ನು ಕಾಕಾ ಹೀಗೆ ತೋರಿಸಿದರು. ಮೊದಲು ತೋಟಾಗಳ ಡಬ್ಬಿಯನ್ನು ಹೊರತೆಗೆಯಬೇಕು, ನಳಿಗೆಯ ಕೋಣೆಯನ್ನು ಕಣ್ಣಿಂದ ಒಮ್ಮೆ, ಬೆರಳಿಂದ ಒಮ್ಮೆ ಪರೀಕ್ಷಿಸಬೇಕು. ಖಾಲಿಯಿದೆ ಎಂಬುದು ನೆನಪಿನ ಮಾತಾಗಿರಬಾರದು. ಇದನ್ನು ಮನೆಯಲ್ಲಿ ಮಾಡಬಾರದು. ಗುಂಡು ಹಾರಿಸುವ ಮೈದಾನದಲ್ಲಿ, ಕಲಿಸುವವರ ಎದುರಿಗೆ, ಮೂತಿಯನ್ನು ಗುರಿಯ ಕಡೆಗೇ ಇಟ್ಟು ಮಾಡಬೇಕು. ಎಡಗೈಯಿಂದ ಪಿಸ್ತೂಲು ಹಿಡಿದು ಬಲಗೈಯ ಕವಲನ್ನು ಹಿಂಬದಿಯ ಮೇಲ್ತುದಿಗೆ ಒತ್ತಿ ಕೂರಿಸಿ, ನಳಿಗೆಯನ್ನು ಮುಂಗೈಯ ಗೆರೆಗೆ ತಂದು, ಆಮೇಲೆ ಬೆರಳುಗಳನ್ನು ಮಡಿಸಬೇಕು. ಗೆರೆ ಮುರಿಯದೆ ತೋರುಬೆರಳಿನ ಕೊನೆಯ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಬಂದರೆ ಅಳತೆ ಸರಿ. ಉಗುರಿನ ತುದಿ ಮಾತ್ರ ತಾಗಿದರೆ ಹಿಡಿ ದಪ್ಪ. ಮೊದಲ ಗೆಣ್ಣು ದಾಟಿ ಬೆರಳು ಒಳಗೆ ಹೋದರೆ ಹಿಡಿ ಸಣ್ಣದು. ನಡುಬೆರಳು ಸುತ್ತಿ ಬಂದು ಹೆಬ್ಬೆರಳಿನ ಬುಡದ ಹತ್ತಿರ ನಿಲ್ಲಬೇಕು, ಅದನ್ನು ಚುಚ್ಚಬಾರದು.

ತಿದ್ದುವಾಗ ಕೆಲವು ಎಚ್ಚರಿಕೆಗಳು. ಮರದ, ರಬ್ಬರಿನ ಹಲಗೆಗಳನ್ನು ತೆಳ್ಳಗಿನದಕ್ಕೋ ದಪ್ಪನೆಯದಕ್ಕೋ ಬದಲಾಯಿಸುವುದು ಸುಲಭ. ಲೋಹವನ್ನು ಅರದಿಂದ ಮುಟ್ಟುವುದು ಸಲ್ಲದು. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಹಿಡಿಗೆ ತೊಡಿಸುವ ಉಪಾಯವನ್ನು ಬಹಳ ಮಂದಿ ಬಲ್ಲರು. ಆದರೆ ಕೆಲವು ಪಿಸ್ತೂಲುಗಳಲ್ಲಿ, ಮೇಲೆ ಹೇಳಿದ 1911ರದೂ ಅಂಥದೇ, ಹಿಡಿಯ ಹಿಂಬದಿಯಲ್ಲಿ ಅಂಗೈ ಒತ್ತಿದರೆ ಮಾತ್ರ ಗುಂಡು ಹಾರಗೊಡುವ ಒಂದು ಸುರಕ್ಷೆಯ ತುಂಡು ಇರುತ್ತದೆ. ಬಿಗಿಯಾದ ರಬ್ಬರು ಅದನ್ನು ಸದಾ ಒತ್ತಿಟ್ಟರೆ ಸುರಕ್ಷೆಯೇ ಹೋಯಿತು. ತೋಟಾ ಡಬ್ಬಿಯನ್ನು ಬಿಡಿಸುವ ಗುಂಡಿಗೂ ಅಡ್ಡ ಬರಬಾರದು. ಸರಕಾರದ ಪಿಸ್ತೂಲು ಸರಕಾರದ್ದು. ಅದಕ್ಕೆ ಒಂದು ತಿರುಪು ತಿರುಗಿಸುವುದಿದ್ದರೂ ಇಲಾಖೆಯ ಆರ್ಮರರನ್ನು ಕೇಳಿಯೇ ಮಾಡಬೇಕು. ಸ್ವಂತದ್ದಾದರೆ 1959ರ ಆಯುಧ ಕಾಯಿದೆಯ ಪ್ರಕಾರ ಲೈಸೆನ್ಸ್ ಇರಲೇಬೇಕು. ದುರಸ್ತಿಯನ್ನೂ ಲೈಸೆನ್ಸ್ ಇರುವ ಅಂಗಡಿಯಲ್ಲಿಯೇ ಮಾಡಿಸತಕ್ಕದ್ದು.

ನೋವಿನಲ್ಲೂ ಎರಡು ಬಗೆ. ನೀಲಿಗಟ್ಟಿ ನಾಲ್ಕು ದಿನಕ್ಕೆ ಇಳಿಯುವುದು ಚರ್ಮ ಮಾಂಸದ ನೋವು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು, ರಾತ್ರಿ ಎಚ್ಚರವಾಗುವಂತೆ ಚುಳುಚುಳು ಎಂದರೆ ಅದು ಮಣಿಕಟ್ಟಿನ ನರದ ಮಾತು. ವೈದ್ಯರ ಹತ್ತಿರ ಹೋಗಬೇಕು, ಎಣ್ಣೆ ತಿಕ್ಕುತ್ತ ಕೂರಬಾರದು. ಕಾರ್ಖಾನೆಗಳಲ್ಲಿ ಗಾಳಿಯ ಡ್ರಿಲ್ಲು, ಗ್ರೈಂಡರುಗಳನ್ನು ವರ್ಷಗಟ್ಟಲೆ ಹಿಡಿದವರ ಬೆರಳು ಚಳಿಗೆ ಬೆಳ್ಳಗಾಗಿ ಸ್ಪರ್ಶ ತಿಳಿಯದಂತಾಗುವುದೂ ಉಂಟು. ಅದು ಒಂದೊಂದೇ ಪೆಟ್ಟಿನದಲ್ಲ, ಎಡೆಬಿಡದ ನಡುಕದ ಫಲ. ಅದರ ವಿಷಯ ಬೇರೆಯಾಗಿಯೇ ಬರೆಯತಕ್ಕದ್ದು.

ಹುಡುಗಿಯ ವಿಷಯ ಎಲ್ಲಿಗೆ ಬಂತು ಎಂದು ವಾಚಕರು ಕೇಳಬಹುದು. ಕಾಕಾ ಅವಳಿಗೆ ಒಂದು ಚೀಟಿಯಲ್ಲಿ ಕೇಳಬೇಕಾದ್ದನ್ನು ಬರೆದುಕೊಟ್ಟರು. ಅವಳು ಅದನ್ನು ಹಿಡಿದು ಶಸ್ತ್ರಾಗಾರಕ್ಕೆ ಹೋಗಿ, ಈ ಪಿಸ್ತೂಲಿನ ಹಿಂಬದಿಯ ಸಣ್ಣ ತುಂಡು ಇದೆಯೇ ಎಂದು ಆರ್ಮರರನ್ನು ಕೇಳಿದಳು. ಅವರು ಹುಡುಕಾಡಿ ಅಟ್ಟದ ಮೇಲಿನಿಂದ ಪಿಸ್ತೂಲಿನ ಪೆಟ್ಟಿಗೆಯನ್ನು ಇಳಿಸಿದರು. ಪ್ಲಾಸ್ಟಿಕ್ ಚೀಲದೊಳಗೆ ಎರಡು ತುಂಡುಗಳು ಬಂದ ಹಾಗೆಯೇ ಇದ್ದವು. ಅಂಟಿಸಿದ ಬಾಯನ್ನು ಯಾರೂ ಬಿಚ್ಚಿರಲಿಲ್ಲ. ಸಣ್ಣದನ್ನು ಹಾಕಿಕೊಟ್ಟರು. ಮರುಪರೀಕ್ಷೆಗೆ ಮೊದಲು ಹತ್ತು ದಿನ ಬರಿಯ ಖಾಲಿ ಪಿಸ್ತೂಲನ್ನು ಸರಿಯಾಗಿ ಹಿಡಿಯುವ ಅಭ್ಯಾಸವನ್ನು ಅವಳು ಮೈದಾನದಲ್ಲಿ ಮಾಡಿದಳಂತೆ, ಏಕೆಂದರೆ ಹಿಡಿ ಬದಲಾದರೂ ಕೈಗೆ ತಿರುಗಿಕೊಳ್ಳುವ ಹಳೆಯ ರೂಢಿ ಬಿಟ್ಟಿರಲಿಲ್ಲ.

ಹೋದ ಶನಿವಾರ ಪೇಡೆಯ ಪೊಟ್ಟಣ ಹಿಡಿದು ವಾಚನಾಲಯಕ್ಕೆ ಬಂದಳು. ತೇರ್ಗಡೆಯಾಗಿದ್ದಳು, ಬಹಳ ಮೇಲಿನ ಅಂಕವಲ್ಲ, ಆದರೂ ತೇರ್ಗಡೆ. ಕಾಕಾ ಪೇಡೆಯನ್ನು ಪಕ್ಕಕ್ಕಿಟ್ಟು ಮೊದಲು, "ಅಂಗೈ ತೋರ್ಸವ್ವಾ" ಎಂದರು.